ಸ್ಪೆಷಲ್ ಟೀಮಿನವಳು

ವಾಷಿಂಗ್ಟನ್ ಹತ್ತಿರದ ಲ್ಯಾನ್‌ಹ್ಯಾಮ್‌ನ ದೇವಸ್ಥಾನದಿಂದ ಹಿಂತಿರುಗುವಾಗ, ಹೊಸದಾಗಿ ತೆರೆದ ಹೋಟೆಲೊಂದಕ್ಕೆ ಹೋಗಿದ್ದೆ. ಮೆನುವಿನಲ್ಲಿ ಮಸಾಲೆ ದೋಸೆಯ ಕೆಳಗೆ ‘ಸ್ಪೆಷಲ್ ಮಸಾಲೆ ದೋಸೆ’ ಎಂದಿತ್ತು. ಅದರಲ್ಲೇನು ಸ್ಪೆಷಲ್ ಎಂದು ಕೇಳಿದೆ. ಬಡಿಸುವಾತ ಪ್ರಾಮಾಣಿಕ. “ಗೊತ್ತಿಲ್ಲ ಮೇಡಂ, ಆದ್ರೆ ಅದೇ ಜಾಸ್ತಿ ಹೋಗುತ್ತೆ” ಎಂದ. ನೀವಾದರೆ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಆ ಪದವನ್ನು ನಂಬಿ ಒಂದು ಇಡೀ ಫುಟ್‌ಬಾಲ್ ಸೀಸನ್ ಕಳೆದವಳು ನಾನು.

ಆಗ ನನ್ನ ಕೆಲಸ ಷಾರ್ಲಟ್ ನಗರದ ಬ್ಯಾಲಂಟೈನ್‌ನಲ್ಲಿ, ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ. ವಾಸ ರಾಜ್ಯದ ಗಡಿಯಾಚೆ ಫೋರ್ಟ್ ಮಿಲ್‌ನಲ್ಲಿ, ಧಾರವಾಡದ ಸವಿತಾಳ ಜೊತೆ. ಮ್ಯಾನೇಜರ್ ಪ್ರಕಾಶ್ ಮೈಸೂರಿನವರು. ಇಲ್ಲಿಗೆ ಬಂದು ಬಹಳ ವರ್ಷಗಳಾಗಿ, ಇಲ್ಲಿಯವರಿಗಿಂತ ಹೆಚ್ಚು ಇಲ್ಲಿಯವರಾಗಿದ್ದರು. ಊರಿನ ಫುಟ್‌ಬಾಲ್ ತಂಡ ಸೋತ ಮರುದಿನ, ಸೋಮವಾರಗಳಂದು, ಕಚೇರಿಯಲ್ಲಿ ಸೂತಕ. ಒಂದು ಸೆಪ್ಟೆಂಬರ್‌ನಲ್ಲಿ ಕೆಲಸಗಳನ್ನು ಮರುಹಂಚಿಕೆ ಮಾಡುತ್ತ ನನ್ನನ್ನು ಕರೆದರು. “ನೋಡು, ಹೊಸ ಪ್ರಾಡಕ್ಟ್ ಮಾಡೋರು ಅಫೆನ್ಸ್. ಸೆಕ್ಯುರಿಟಿಯವರು ಡಿಫೆನ್ಸ್. ನಿನ್ನನ್ನ ಸ್ಪೆಷಲ್ ಟೀಮ್ಸ್‌ಗೆ ಹಾಕ್ತಿದೀನಿ” ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಬಾಗಿಲ ಹತ್ತಿರ ಹೋಗಿ ತಿರುಗಿ ಇನ್ನೊಮ್ಮೆ ಹೇಳಿದೆ.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಕಡೆ ಆ ಪದಕ್ಕೆ ಎರಡು ಅರ್ಥವಿದೆಯೆಂದು ನಿಮಗೂ ಗೊತ್ತು. ಹೋಟೆಲಿನಲ್ಲಿ ಸ್ಪೆಷಲ್ ಎಂದರೆ ಉಳಿದವಕ್ಕಿಂತ ಮೇಲು. ಶಾಲೆಯಲ್ಲಿ ‘ಸ್ಪೆಷಲ್ ಕ್ಲಾಸ್’ ಎಂದರೆ ಲೆಕ್ಕದಲ್ಲಿ ಹಿಂದುಳಿದವರನ್ನು ಬೆಳಗ್ಗೆ ಬೇಗ ಕರೆಸುವುದು. ಅಮ್ಮ ಅನುಭವಸ್ಥೆ.

“ಯಾವ ಸ್ಪೆಷಲ್ಲೇ? ಹೋಟ್ಲು ಸ್ಪೆಷಲ್ಲಾ, ಸ್ಕೂಲ್ ಸ್ಪೆಷಲ್ಲಾ?”

“ಹೋಟ್ಲು ಸ್ಪೆಷಲ್ಲಮ್ಮ.”

ಸಂಜೆಯೊಳಗೆ ಸುದ್ದಿ ನಮ್ಮ ಬೀದಿ ದಾಟಿತ್ತು.

ಸವಿತಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಮೆರಿಕದ ಫುಟ್‌ಬಾಲನ್ನು ಜನರ ಮುರಿದ ಮೊಣಕಾಲುಗಳಿಂದ ಕಲಿತವಳು. ಫೋನ್ ಇಟ್ಟ ಮೇಲೆ ಸೋಫಾದಲ್ಲಿ ಬಿದ್ದು ಬಿದ್ದು ನಕ್ಕಳು. “ಯವ್ವಾ, ಹುಚ್ಚಿ! ಸ್ಪೆಷಲ್ ಟೀಮ್ ಅಂದ್ರ ಚೆಂಡು ಒದಿಯೋ ಮಂದಿ. ಉಳಿದವ್ರ ಕೈಲಿ ಆಗ್ಲಿಲ್ಲಂದ್ರ ಇವ್ರನ್ನ ಕರೀತಾರ. ಚಲೋ ಒದ್ರ ಯಾರೂ ಹೆಸರು ಕೇಳಂಗಿಲ್ಲ. ತಪ್ಪಿತಂದ್ರ ಒದಿ ಇವ್ರಿಗೇ!”

ನಾನೂ ನಗಬಹುದಿತ್ತು. ಆದರೆ ನನ್ನ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ, ಕೆಲವೇ ವಾರಗಳಲ್ಲಿ ಇನ್ನೊಂದು ಸಿಗದಿದ್ದರೆ, ದೇಶ ಬಿಡಬೇಕು. ಹೊಸ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳುವುದೆಂದು ಹೇಳಬೇಕಾದವರು ಪ್ರಕಾಶ್. ಕೇಳಿದಾಗಲೆಲ್ಲ “ಸೀಸನ್ ಮುಗೀಲಿ, ನೋಡೋಣ” ಎನ್ನುತ್ತಿದ್ದರು. ಯಾರ ಸೀಸನ್ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ಭಾನುವಾರಗಳಂದು ಶ್ರದ್ಧೆಯಿಂದ ಆಟ ನೋಡತೊಡಗಿದೆ. ಹೆಸರಿನಲ್ಲಷ್ಟೇ ಕಾಲು ಇರುವ ಆಟ ಅದು. ಮಿಕ್ಕಿದ್ದೆಲ್ಲ ಕೈಯದೇ ಕೆಲಸ. ಮೂರು ಸಲ ನುಗ್ಗಿಯೂ ಮುಂದೆ ಹೋಗಲಾಗದಿದ್ದರೆ, ಒಬ್ಬಾತ ಬಂದು ಚೆಂಡನ್ನು ಆದಷ್ಟು ದೂರ ಒದ್ದು ಎದುರಾಳಿಗೆ ದಾಟಿಸುತ್ತಾನೆ. ಇದು ಮಾತ್ರ ನನಗೆ ತಕ್ಷಣ ಅರ್ಥವಾಯಿತು: ಬಗೆಹರಿಯದ ತೊಂದರೆಗಳನ್ನು ಸಂಜೆ ಹೊತ್ತು ಬೆಂಗಳೂರಿನ ಆಫೀಸಿಗೆ ದಾಟಿಸಿ ಮನೆಗೆ ಹೋಗುವುದು ನಮ್ಮಲ್ಲೂ ರೂಢಿ.

ಆ ವರ್ಷ ನಮ್ಮ ತಂಡ ಸೋತ ಪಂದ್ಯಗಳಲ್ಲಿ ಬಹಳಷ್ಟು ಒಂದೇ ಒದೆತದ ಅಂತರದವು. ಒಮ್ಮೆ ನಾವು ಒದ್ದ ಚೆಂಡನ್ನು ಹಿಡಿದು ಎದುರಾಳಿ ಮೈದಾನದುದ್ದಕ್ಕೂ ಓಡಿ ಅಂಕ ಗಳಿಸಿದ. ಇನ್ನೊಮ್ಮೆ, ಎರಡು ಕಂಬಗಳ ನಡುವೆ ಹಾದು ಅಂಕ ತರಬೇಕಿದ್ದ ಚೆಂಡು ಕಂಬಕ್ಕೇ ಬಡಿಯಿತು. ನಾಯಕ ಚೆಂಡನ್ನು ಎದುರಾಳಿಯ ಕೈಗೇ ಎಸೆದರೆ ಟಿವಿಯವರು ‘ಹುಡುಗ ಕಲಿಯುತ್ತಿದ್ದಾನೆ’ ಎನ್ನುತ್ತಿದ್ದರು. ಒದೆಯುವವನು ತಪ್ಪಿದರೆ ಎರಡೇ ದಿನದಲ್ಲಿ ಹೊಸಬ ಬರುತ್ತಿದ್ದ. ಕಲಿಯಲು ಅವನಿಗೆ ಅವಕಾಶವಿಲ್ಲ, ಅವನು ಸ್ಪೆಷಲ್. ಬರಬರುತ್ತ ನಾನು ದೇವರಿಗೆ ದೀಪ ಹಚ್ಚುವಾಗ ಯಾರದೋ ಬಲಗಾಲಿಗಾಗಿ ಬೇಡಿಕೊಳ್ಳತೊಡಗಿದೆ.

ವಾರಾಂತ್ಯಗಳಲ್ಲಿ ಮಿಕ್ಕ ಹೊತ್ತು ನನ್ನ ಕೆಲಸ: ಹಳೆಯ ಕಂಪ್ಯೂಟರ್ ವ್ಯವಸ್ಥೆಯಿಂದ ಹೊಸದಕ್ಕೆ ಮಾಹಿತಿ ಸಾಗಿಸುವುದು, ಸಾಗಿಸಿದ್ದು ಯಾರಿಗೂ ತಿಳಿಯದಂತೆ. ಯಾರಿಗೂ ತಿಳಿಯಲಿಲ್ಲ.

ಕೊನೆಯ ಪಂದ್ಯಕ್ಕೆ ಪ್ರಕಾಶ್ ನಮ್ಮನ್ನೆಲ್ಲ ಮನೆಗೆ ಕರೆದರು. ಗೆದ್ದರೆ ತಂಡ ಮುಂದಿನ ಸುತ್ತಿಗೆ. ಉಳಿದಿದ್ದು ಒಂದು ಒದೆತ. ಒದೆಯುವ ಮೊದಲು ಒಬ್ಬಾತ ಬಗ್ಗಿ, ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯಬೇಕು. ಅದು ಹಿಡಿಯುವವನ ತಲೆಯ ಮೇಲೆ ಹಾರಿಹೋಯಿತು. ಎಸೆದವನ ಹೆಸರು ಟಿವಿಯಲ್ಲಿ ದೊಡ್ಡಕ್ಷರಗಳಲ್ಲಿ ಮೂಡಿತು.

“ಯಾರೋ ಇವ್ನು?” ಪ್ರಕಾಶ್ ಎದ್ದು ನಿಂತು ಕೂಗಿದರು. “ಇಷ್ಟು ದಿನ ಎಲ್ಲಿದ್ದ?”

“ಇಲ್ಲೇ ಇದ್ದ,” ಎಂದೆ. “ಎಲ್ಲಾ ಮ್ಯಾಚಲ್ಲೂ.”

ಆ ಮನೆಯಲ್ಲಿ ಅಂದು ನಾನು ಆಡಿದ ಮಾತು ಅಷ್ಟೇ. ಅವರ ಮಗಳು “ಅಪ್ಪಾ, ಶಿ ಈಸ್ ರೈಟ್” ಎಂದಳು. ಅವರ ಹೆಂಡತಿ ಅವಸರವಾಗಿ ಬಿಸಿಬೇಳೆಬಾತ್ ಬಡಿಸಿದರು.

ಆಮೇಲೆ ಒಂದು ದಿನ ಪ್ರಕಾಶ್ ಕರೆದರು. ನಿಜಕ್ಕೂ ನೊಂದಿದ್ದರು. “ನೀನು ಏನ್ ಮಾಡ್ತೀಯ ಅಂತ ಮೇಲಿನವ್ರು ಕೇಳಿದ್ರಮ್ಮ. ನಂಗೆ ತಕ್ಷಣ ಹೊಳೀಲೇ ಇಲ್ಲ. ಒಂದು ಕಂಪ್ಲೇಂಟ್ ಆದ್ರೂ ಬಂದಿದ್ರೆ ಜ್ಞಾಪಕ ಇರ್ತಿತ್ತು ನೋಡು.” ನನ್ನ ಕೆಲಸ ಹೋಯಿತು. ಹೊಸ ಪ್ರಾಡಕ್ಟ್ ಮಾಡುವವರೆಲ್ಲ ಉಳಿದರು. ಅವರ ಪ್ರಾಡಕ್ಟ್ ಇನ್ನೂ ತೆರೆದುಕೊಳ್ಳುತ್ತಿರಲಿಲ್ಲ. ಅವರು ಕಲಿಯುತ್ತಿದ್ದರು.

“ಈಗರ ಬಾಯಿ ಬಿಡು,” ಎಂದಳು ಸವಿತಾ. “ಮುಂದಿನ ಇಂಟರ್‌ವ್ಯೂದಾಗ ‘ನಾವು’ ಅನಬ್ಯಾಡ, ‘ನಾನು’ ಅನ್ನು.” ಮುಂದಿನ ಇಂಟರ್‌ವ್ಯೂಗಳಲ್ಲೆಲ್ಲ ‘ನಾನು’ ಅಂದೆ. ವೀಸಾದ ಗಡುವು ಮುಗಿಯುವ ಹೊಸ್ತಿಲಲ್ಲಿ ವಾಷಿಂಗ್ಟನ್‌ನ ಈ ಕೆಲಸ ಸಿಕ್ಕಿತು.

ಇಲ್ಲಿ ಪ್ರತಿ ಶುಕ್ರವಾರ ಮೇಲಿನವರೆಲ್ಲರಿಗೂ ಒಂದು ಈಮೇಲ್ ಕಳಿಸುತ್ತೇನೆ: ‘ಈ ವಾರ ಏನೂ ಕೆಡಲಿಲ್ಲ. ಕೆಡದಂತೆ ನೋಡಿಕೊಂಡವಳು ನಾನು.’ ಕೆಳಗೆ ನನ್ನ ಪೂರ್ತಿ ಹೆಸರು, ದಪ್ಪಕ್ಷರದಲ್ಲಿ. ಆ ಹೆಸರು ಏನೆಂದು ನಿಮಗೆ ಹೇಳುವುದಿಲ್ಲ. ನೀವು ನನ್ನ ಮ್ಯಾನೇಜರ್ ಅಲ್ಲವಲ್ಲ.