ಕ್ಯಾಬಿನ್ನಿನ ಕೊಕ್ಕೆಯಲ್ಲಿದ್ದ ಅಂಗಿ

ನನ್ನ ತಮ್ಮನಿಗೆ ಎರಡು ಬಗೆಯ ಅಂಗಿಗಳಿದ್ದವು. ಒಂದು ಬಿಳಿಯದು, ಹೆಗಲ ಮೇಲೆ ಬಂಗಾರದ ಬಣ್ಣದ ಪಟ್ಟಿ. ಅದನ್ನು ತೊಟ್ಟು ಅವನು ಗೋವಾದಿಂದ ಪ್ರಯಾಣಿಕರ ವಿಮಾನ ಹಾರಿಸುತ್ತಾನೆ. ಇನ್ನೊಂದು ಹಸಿರು. ಹೆಗಲ ಮೇಲೆ ನಕ್ಷತ್ರ, ಎದೆಯ ಮೇಲೆ ಹೆಸರು. ಎರಡನ್ನೂ ಆಯಿ, ನಮ್ಮ ಅಮ್ಮ, ಒಗೆದು ಒಂದೇ ಹಗ್ಗಕ್ಕೆ ಹರವುತ್ತಿದ್ದಳು. ಇಸ್ತ್ರಿ ಮಾಡುತ್ತಿದ್ದವನು ನಾನು.

ಹಸಿರು ಅಂಗಿಯ ವಿಷಯ ಬಿಡಿಸಿ ಹೇಳಬೇಕು, ನಮ್ಮ ಕಡೆ ಬಹಳ ಜನರಿಗೆ ಗೊತ್ತಿಲ್ಲ. ಬೇರೆ ಕೆಲಸದಲ್ಲಿದ್ದುಕೊಂಡೇ ಸೈನ್ಯದಲ್ಲಿ ಅಧಿಕಾರಿಯಾಗುವುದಕ್ಕೆ ಒಂದು ದಾರಿ ಇದೆ. ಪರೀಕ್ಷೆ ಕಠಿಣ. ಪಾಸಾದರೆ ವರ್ಷಕ್ಕೆ ಸುಮಾರು ಎರಡು ತಿಂಗಳು ಹೋಗಿ ಜವಾನರ ಜೊತೆ ಇದ್ದು ತರಬೇತಿ ಮಾಡಬೇಕು, ಕರೆ ಬಂದರೆ ಹೊರಡಬೇಕು. ಉಳಿದ ದಿನ ಅವರವರ ಕೆಲಸ ಅವರವರಿಗೆ. ನನ್ನ ತಮ್ಮ ವಿಮಾನ ಕಂಪನಿಯ ರಜೆಯನ್ನೆಲ್ಲ ಆ ಎರಡು ತಿಂಗಳಿಗೇ ಸುರಿಯುತ್ತಿದ್ದ. ಹಬ್ಬಕ್ಕೆ ಇಲ್ಲ, ನೆಂಟರ ಮದುವೆಗೆ ಇಲ್ಲ. ಕ್ಯಾಂಪಿಗೆ ಹೋಗುವಾಗ ಕಾನಸೂರಿನ ನಮ್ಮ ಮನೆಗೆ ಬಂದು, ಬಿಳಿ ಅಂಗಿ ಬಿಟ್ಟು ಹಸಿರು ಅಂಗಿ ತುಂಬಿಕೊಂಡು ಹೋಗುತ್ತಿದ್ದ. ಆ ಒಂದು ದಿನ ಮಾತ್ರ ನಮ್ಮ ಪಾಲಿಗೆ.

"ಎರಡು ಎರಡು ನೌಕರಿ ಮಾಡ್ತೆ, ಮನೆಯೊಂದು ನಿಂಗೆ ಬೇಡ ಅಲ್ಲನ ತಮಾ?" ಎಂದು ಆಯಿ ಕೇಳುತ್ತಿದ್ದಳು.

"ಮುಂದಿನ ವರ್ಷ ಇರ್ತೆ ಆಯಿ" ಎನ್ನುತ್ತಿದ್ದ. ಬೂಟಿಗೆ ಪಾಲಿಶ್ ಹಾಕುತ್ತಲೇ ಹೇಳುತ್ತಿದ್ದ. ಅವನ ಮುಖದಲ್ಲಿ ಆಗ ಇರುತ್ತಿದ್ದ ಗೆಲುವು ವಿಮಾನದ ಮಾತು ಬಂದಾಗ ಇರುತ್ತಿರಲಿಲ್ಲ. ವಿಮಾನ ಅವನ ಹೊಟ್ಟೆಪಾಡು. ಹಸಿರು ಅಂಗಿ ಅವನು ತಾನಾಗಿ ಬೇಡಿ ಪಡೆದದ್ದು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಸಿದ್ದಾಪುರ, ಶಿರಸಿ, ಯಲ್ಲಾಪುರದ ನಡುವೆ ಸರಕಿನ ಟೆಂಪೋ ಓಡಿಸುತ್ತೇನೆ. ಸಿಮೆಂಟು, ಹಂಚು, ಹಿಂಡಿ ಚೀಲ, ಯಾರು ಏನು ಹೇರಿದರೂ ಸರಿ. ಶಿರಸಿಯ ಚಾ ಅಂಗಡಿಯಲ್ಲಿ ಡ್ರೈವರುಗಳು ನನ್ನನ್ನು ಕೆಣಕುತ್ತಿದ್ದರು.

"ನಿನ್ ತಮ್ಮ ಮೇಲೆ ವಿಮಾನ ಹಾರಿಸ್ತ, ಕೆಳಗೆ ಬಂದೂಕು ಹಿಡಿತ. ನೀ ಎಂತ ಮಾಡ್ತೆ ಮಾರಾಯ?"

"ನಾ ನಡುವೆ ಸಿಮೆಂಟ್ ಹೊರ್ತೆ" ಎಂದು ನಾನೂ ನಗುತ್ತಿದ್ದೆ. ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಒಂದು ಸಲ ಹಸಿರು ಅಂಗಿಯ ಗುಂಡಿ ಕಿತ್ತುಹೋಗಿ, ಶಿರಸಿಯ ದರ್ಜಿಗೆ ಕೊಟ್ಟಿದ್ದೆ. ಹೊಲಿಸಿಕೊಂಡು ಬರುವಾಗ ಮಡಿಕೆ ಮುರಿಯಬಾರದೆಂದು ಸೀಟಿನ ಹಿಂದಿನ ಕೊಕ್ಕೆಗೆ ತೂಗುಹಾಕಿದೆ. ದಾರಿಯ ತಪಾಸಣೆ ಗೇಟಿನಲ್ಲಿ ಕಾನ್‌ಸ್ಟೇಬಲ್ ಒಳಗೆ ಬಗ್ಗಿ ನೋಡಿದ. ನಕ್ಷತ್ರ ಕಂಡಿತು. "ಮಿಲ್ಟ್ರಿ ಮಂದಿ ಏನ್ರಿ? ಹೋಗ್ರಿ, ಹೋಗ್ರಿ" ಎಂದ. ನನ್ನ ಗಾಡಿಯಲ್ಲಿ ಆ ದಿನ ಹೊರಬಾರದಷ್ಟು ಭಾರವಿತ್ತು. ಗಾಡಿ ಓಡಿಸಲು ಯೋಗ್ಯವೆಂದು ಸಾರಿಗೆ ಕಚೇರಿ ಕೊಡುವ ಎಫ್‌ಸಿ ಕಾಗದದ ಅವಧಿ ಮುಗಿದು ಬಹಳ ದಿನವಾಗಿತ್ತು. ಬ್ರೇಕು ಸರಿಮಾಡಿಸದೆ ಅದನ್ನು ಯಾರೂ ಮಾಡಿಕೊಡುವುದಿಲ್ಲ ಎಂದು ನಾನು ಮುಂದೂಡುತ್ತಲೇ ಇದ್ದೆ.

ಅಂಗಿ ಮನೆಗೆ ಹೋಗಲಿಲ್ಲ. ತಮ್ಮನ ಬಳಿ ಬೇರೆ ಜೊತೆಗಳಿದ್ದವು, ಅವನು ಇದನ್ನು ಹುಡುಕಲೂ ಇಲ್ಲ. ಹೆಗಲು ಹೊರಮುಖವಾಗಿ ಕಾಣುವ ಹಾಗೆ ನಾನೇ ತಿರುಗಿಸಿ ಹಾಕಿದೆ. ಎಫ್‌ಸಿ ಇಲ್ಲದ್ದಕ್ಕೆ ಹೀಗೆ ಮಾಡಿದೆ ಎಂದರೆ ಅರ್ಧ ನಿಜ. ಕೈ ಅಡ್ಡ ಹಿಡಿದು ನಿಲ್ಲಿಸುವ ಜನ ಕೈ ಎತ್ತಿ ಕಳಿಸುವುದು ನನಗೆ ಹಿತವಾಗಿತ್ತು. ಅವನಿಗೆ ಎರಡು ಅಂಗಿ ಇದೆ, ಒಂದರ ಮರ್ಯಾದೆ ನನಗೂ ಸ್ವಲ್ಪ ಬರಲಿ ಎಂದುಕೊಂಡಿದ್ದೆ.

ದೇಶದ ಗಡಿಯಲ್ಲಿ ಗಲಾಟೆಯ ಸುದ್ದಿ ಬರುತ್ತಿದ್ದ ದಿನಗಳಲ್ಲಿ ತಪಾಸಣೆ ಬಿಗಿಯಾಯಿತು. ಯಲ್ಲಾಪುರದ ದಾರಿಯಲ್ಲಿ ಹೊಸ ಸಬ್ ಇನ್‌ಸ್ಪೆಕ್ಟರ್ ನನ್ನನ್ನು ಇಳಿಸಿದರು.

"ಯಾರ್ದಿದು ಅಂಗಿ?"

"ನನ್ ತಮ್ಮಂದು ಸಾರ್. ಆಫೀಸರ್ ಅವ."

"ಅವರ ಅಂಗಿ ನಿನ್ನ ಗಾಡ್ಯಾಗ ಯಾಕ ಐತಿ? ಸಿಮೆಂಟ್‌ಗೆ ಕಾವಲೇನು?"

ಪಕ್ಕದ ಪೊಲೀಸರು ನಕ್ಕರು. ಆಗ ನನ್ನ ಬಾಯಿಂದ ಬಂದ ಮಾತು ಇದು: "ಅವನೇ ಹೇಳಿದ್ದು ಸಾರ್, ಗಾಡೀಲಿ ತೂಗುಹಾಕ್ಕೊಂಡು ಹೋಗು, ಯಾರೂ ಹಿಡಿಯೂದಿಲ್ಲ ಅಂತ."

ಅವರ ನಗು ನಿಂತಿತು. ಅಂಗಿಯ ಎದೆಯ ಮೇಲಿನ ಹೆಸರಿನ ಫೋಟೋ ತೆಗೆದುಕೊಂಡರು. ನಾನು ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಂಡರು. ಗಾಡಿಗೆ ದಂಡ ಹಾಕಿ ಬಿಟ್ಟರು. ಮಾತು ಮಾತ್ರ ಮೇಲೆ ಹೋಯಿತು, ಸೈನ್ಯದಲ್ಲಿ ತಮ್ಮನಿದ್ದ ಪಲ್ಟನ್ನಿನವರೆಗೆ.

ಕೆಲವು ದಿನಗಳ ಮೇಲೆ ಅವನ ಫೋನ್ ಬಂತು. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.

"ಅಣ್ಣ, ನಾ ಹೇಳಿದೆ ಅಂತ ಹೇಳಿದ್ಯಾ?"

"ಹೆದರಿ ಬಾಯಿಗೆ ಬಂತು ತಮಾ."

"ಆಯ್ತು. ಈಗ ಆ ಸ್ಟೇಷನ್ನಿಗೆ ಹೋಗು. ಅದು ಸುಳ್ಳು, ತಮ್ಮಂಗೆ ಗೊತ್ತೇ ಇರ್ಲಿಲ್ಲ ಅಂತ ಬರ್ಕೊಡು. ಅಷ್ಟು ಸಾಕು."

"ನೀನೇ ಇಲ್ಲ ಅಂದ್ರೆ ಆಗೂದಿಲ್ವ?"

"ನಾ ಇಲ್ಲ ಅಂದ್ರೆ ಸುಳ್ಳು ಹೇಳಿದವ ನೀನಾಗ್ತೆ. ಅದನ್ನ ನಾ ಹೇಳೂದಲ್ಲ, ನೀನೇ ಹೇಳಬೇಕು."

ನಾಳೆ ಹೋಗುತ್ತೇನೆ ಎಂದೆ. ಮರುದಿನ ಸಿದ್ದಾಪುರಕ್ಕೆ ಲೋಡಿತ್ತು. ಅದರ ಮರುದಿನ ಬ್ರೇಕ್ ಕೆಲಸ. ಪೊಲೀಸರಿಗೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಕೇಸಾಗುತ್ತದೆ, ಲೈಸೆನ್ಸ್ ಹೋಗುತ್ತದೆ ಎಂದು ಯಾರೋ ಹೇಳಿದರು. ಅವನಿಗಾದರೆ ವಿಮಾನ ಇದ್ದೇ ಇದೆ, ನನಗೆ ಏನಿದೆ ಎಂದು ನನ್ನೊಳಗೇ ವಾದ ಮಾಡಿಕೊಂಡೆ. ಆ ಸ್ಟೇಷನ್ನಿನ ಮುಂದೆಯೇ ಎಷ್ಟೋ ಸಲ ಗಾಡಿ ಓಡಿಸಿದೆ. ನಿಲ್ಲಿಸಲಿಲ್ಲ. ತಮ್ಮ ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆನೋ ಏನೋ, ಗೊತ್ತಿಲ್ಲ.

ಪಲ್ಟನ್ನಿನ ವಿಚಾರಣೆಯಲ್ಲಿ ಅವನು ನನ್ನ ಮೇಲೆ ಒಂದು ಮಾತನ್ನೂ ಆಡಲಿಲ್ಲವಂತೆ. ಅಂಗಿ ತನ್ನದು, ಜೋಪಾನ ಮಾಡದ್ದು ತನ್ನ ತಪ್ಪು ಎಂದಷ್ಟೇ ಹೇಳಿ ಅಧಿಕಾರಿಯ ಹುದ್ದೆಗೆ ರಾಜೀನಾಮೆ ಕೊಟ್ಟ. ವಿಮಾನ ಇನ್ನೂ ಹಾರಿಸುತ್ತಾನೆ.

ಈ ವರ್ಷ ಕ್ಯಾಂಪಿನ ದಿನಗಳು ಬಂದಾಗ ಅವನು ರಜೆ ಹಾಕಿ ಮನೆಗೆ ಬಂದ. ಆಯಿಗೆ ಸಂಭ್ರಮ. "ಈಗಾದ್ರೂ ಮನೆ ನೆನಪಾಯ್ತಲ ನಿಂಗೆ" ಎಂದು ದಿನಕ್ಕೊಂದು ತಿಂಡಿ ಮಾಡಿದಳು. ನಡೆದದ್ದು ಅವಳಿಗೆ ಗೊತ್ತಿಲ್ಲ. ಅವನು ಬೆಳಗಾಗುವ ಮೊದಲೇ ಎದ್ದು ರಸ್ತೆಯ ಮೇಲೆ ಓಡಿ ಬರುತ್ತಿದ್ದ. ಬೆವರು ಒರೆಸಿಕೊಂಡು ಜಗಲಿಯಲ್ಲಿ ಕೂರುತ್ತಿದ್ದ. ಆಮೇಲೆ ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ. ಎರಡು ಸಲ ನನ್ನ ಟೆಂಪೋ ತೊಳೆದ. ಬೂಟಿಗೆ ಪಾಲಿಶ್ ಹಾಕಿದ, ಹಾಕಿ ಒಳಗಿಟ್ಟ.

ಅದನ್ನು ನೋಡಲಾರದೆ ನಾನು ಕೊನೆಗೂ ಸ್ಟೇಷನ್ನಿಗೆ ಹೋದೆ. ಆ ಸಬ್ ಇನ್‌ಸ್ಪೆಕ್ಟರ್ ವರ್ಗವಾಗಿದ್ದರು. ಅಲ್ಲಿದ್ದ ಹಿರಿಯ ಪೊಲೀಸರೊಬ್ಬರು ಎಲ್ಲ ಕೇಳಿಸಿಕೊಂಡು, ನಾನು ಹೇಳಿದ್ದನ್ನು ಬರೆಸಿಕೊಂಡರು. "ಕಳಿಸ್ತೇನಪ್ಪ. ಆದ್ರ ಆವಾಗ ಬಂದಿದ್ರ ಬೇರೆ ಮಾತಿತ್ತು" ಎಂದರು. ನನ್ನ ಮೇಲೆ ಕೇಸೂ ಆಗಲಿಲ್ಲ. ಇಷ್ಟಕ್ಕೆ ನಾನು ಹೆದರಿದ್ದೆ.

ಮನೆಗೆ ಬಂದು, "ಹೋಗಿ ಬರ್ಕೊಟ್ಟು ಬಂದೆ ತಮಾ" ಎಂದೆ.

"ಯಾವಾಗ?"

"ಇವತ್ತು."

ಅವನು ತಲೆ ಆಡಿಸಿದ. "ನಾಳೆ ಎಲ್ಲಿಗೆ ಲೋಡು? ನಾನೂ ಬರ್ತೆ, ಮನೇಲಿ ಕೂತು ಕೂತು ಸಾಕಾಯ್ತು" ಎಂದ.

ಮರುದಿನ ಯಲ್ಲಾಪುರದ ದಾರಿಯಲ್ಲಿ ಅವನು ನನ್ನ ಪಕ್ಕ ಕೂತಿದ್ದ, ಸಾದಾ ಅಂಗಿಯಲ್ಲಿ. ಗೇಟಿನಲ್ಲಿ ಕೈ ಅಡ್ಡ ಬಂತು. ನಾನು ಇಳಿದು ಕಾಗದ ತೋರಿಸಿದೆ. ಈಗ ಎಲ್ಲ ಸರಿ ಇವೆ. ವಾಪಸು ಹತ್ತುವಾಗ ಅವನು ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದ. ಆ ಕಡೆಯವನು ಕ್ಯಾಂಪಿನ ಜವಾನ ಇರಬೇಕು, ಸಾಹೇಬರು ಯಾವಾಗ ಬರುವುದು ಎಂದು ಕೇಳಿದ್ದು ನನಗೂ ಕೇಳಿಸಿತು. ನನಗೆ ಅಷ್ಟು ಹಿಂದಿ ಬರುತ್ತದೆ.

"ಈ ಸಲ ಇಲ್ಲ" ಎಂದ ತಮ್ಮ. ಆ ಕಡೆಯವನು ಮತ್ತೇನೋ ಕೇಳಿದ್ದಕ್ಕೆ, "ಇಲ್ಲ, ಮನೇಲಿ ಎಲ್ಲರೂ ಚೆನ್ನಾಗಿದ್ದಾರೆ" ಎಂದ.

ಫೋನ್ ಕಿಸೆಗೆ ಹಾಕಿ ಕಿಟಕಿಯ ಕಡೆ ತಿರುಗಿದ. ನಾನು ಗೇರ್ ಹಾಕಿದೆ.