ತೂತು ರೊಟ್ಟಿಯ ಗುರಿ

ನಿಜಾಮರ ಕಾಲದ ವಲಾಂಡಿ ಎಂಬ ಊರಿನಲ್ಲಿ ನಮ್ಮ ನೆರೆಮನೆಯ ಪಾಟೀಲರು ಲಿಂಗವಂತರು. ಬಂದೂಕಿದ್ದರೂ ಹಕ್ಕಿ ಕೊಲ್ಲುವವರಲ್ಲ. ನಮ್ಮಂಥ ಓಣಿಯ ಹುಡುಗರಿಂದ ಮೇಲೆ ತೂರಿಸಿದ ಒಡಕು ಗಡಿಗೆಗಳನ್ನೇ ಹೊಡೆಯುತ್ತಿದ್ದರು. ವಯಸ್ಸಾಗಿ ಬಲಗಣ್ಣು ಮಸುಕಾದಂತೆ ಗುರಿ ತಪ್ಪತೊಡಗಿತು. ಎಲೆ ಅಲುಗದ ದಿನವೂ ಮೀಸೆ ತಿರುವಿ, “ಗಾಳಿ ಭಾಳ ಅದ” ಎನ್ನುವರು.

ಒಮ್ಮೆ ಊಟಕ್ಕೆ ಕೂತಾಗ ತೂತುಬಿದ್ದ ರೊಟ್ಟಿ ಬಂತು. ಹೆಂಡತಿಯನ್ನು ಕಾಡಿಸಲು ಅದನ್ನೆತ್ತಿ ತೂತಿನಿಂದ ಇಣುಕಿದರು. ಆಚೆಯಿಂದ ಆಕೆಗೆ ಕಂಡದ್ದು ಎಡಗಣ್ಣು.

“ನನ್ನ ನೋಡ್ಲಿಕ್ಕ ಎಡಗಣ್ಣು, ಗಡಿಗಿ ನೋಡ್ಲಿಕ್ಕ ಬಲಗಣ್ಣೇನ್ರೀ? ಬಂದೂಕ ಎಡಹೆಗಲಿಗಿ ಹಚ್ರಿ!”

ಪಾಟೀಲರು ಊಟ ಬಿಟ್ಟು ಅಂಗಳಕ್ಕೋಡಿದರು. ಅಂದು ನಿಜವಾಗಿಯೂ ಗಾಳಿ ಎದ್ದಿತ್ತು. ನಾವು ಗಡಿಗೆ ತೂರಿದೆವು; ಬಂದೂಕು ಎಡಹೆಗಲಿಗಿಟ್ಟು ಗುರಿ ಹಿಡಿಯುವಾಗಲೇ ಅವರ ತಲೆಯ ರುಮಾಲು ಹಾರಿಹೋಯಿತು. ಢಂ! ಚೂರುಗಳು ನಮ್ಮ ತಲೆಮೇಲೆ ಉದುರಿದವು. ಎಲ್ಲರೂ ಕುಣಿದೆವು.

“ಗಾಳಿ ಹ್ಯಾಂಗದರೀ?” ಆಕೆ ಕೇಳಿದರು.

“ಎಲ್ಲ್ಯದ ಗಾಳಿ?” ಎಂದರು ಪಾಟೀಲರು, ಬೋಳುತಲೆ ಸವರುತ್ತ.