ನೂರು ಜನಕ್ಕೆ ಬರುತ್ತಾ?

ಗ್ರೀಸಿನ ಥೆಸಲೊನೀಕಿಯ ನಮ್ಮ ಹಳೇ ಪ್ರಯೋಗಾಲಯ ಅಂದರೆ ನನಗೆ ಇವತ್ತಿಗೂ ಎವಾಂಥಿಯಾ. ಔಷಧಿ ಹೊರುವ ನ್ಯಾನೊಕಣಗಳನ್ನು ಬಕೆಟ್‌ಗಟ್ಟಲೆ ತಯಾರಿಸುವುದೇ ಅವಳ ಪಿಎಚ್‌ಡಿ. ಬೆರಳುದ್ದದ ಟ್ಯೂಬಿನಲ್ಲಿ ನುಣ್ಣಗೆ ಬಂದದ್ದು ಬಕೆಟ್ಟಿನಲ್ಲಿ ಆರು ವರ್ಷವೂ ಗಂಟು ಕಟ್ಟಿತು. ಕ್ಯಾಂಟೀನಿನಲ್ಲಿ ಮೊಟ್ಟೆ-ನಿಂಬೆ ಸಾರು ಬಾಯಿಗಿಡುವ ಮೊದಲೇ ಅಡುಗೆಯವನನ್ನು ಕೇಳುವಳು: “ಸ್ತಮಾತಿಸ್ ಮಾಮ, ನೂರು ಜನಕ್ಕೆ ಮಾಡಿದ್ರೂ ಇದೇ ಹದ ಬರುತ್ತಾ?” “ಮೊದಲು ನೀನು ಕುಡಿಯಮ್ಮಾ ತಾಯಿ, ಮಿಕ್ಕ ತೊಂಬತ್ತೊಂಬತ್ತು ಜನ ಆಮೇಲೆ ಬರ್ತಾರೆ!” ಗೆಳತಿಯ ಮದುವೆಯಲ್ಲಿ ಕೇಕಿಗೂ ಇದೇ ವಿಚಾರಣೆ ನಡೆಯಿತು. “ಟ್ಯೂಬಿನದಕ್ಕೇ ಪದವಿ ಕೊಡ್ತಾರಲ್ಲೇ, ಈ ಬಕೆಟ್ ಸಹವಾಸ ಯಾಕೆ ಮಾರಾಯ್ತಿ?” ಎಂದು ಒಮ್ಮೆ ರೇಗಿಸಿದೆ. ಬಕೆಟ್ ತೊಳೆಯುತ್ತಲೇ ಹೇಳಿದಳು: “ನಮ್ಮ ದ್ವೀಪದ ಆಸ್ಪತ್ರೆಗೆ ಇಂಥದೇ ಮದ್ದು ಒಬ್ಬರಿಗಾಗೋಷ್ಟೇ ಬಂದಿತ್ತು. ನಮ್ಮಪ್ಪ ಸಾಲಿನಲ್ಲಿ ಎರಡನೆಯವನಾಗಿದ್ದ.”